ಎಡಗಣ್ಣಿನ ಪಾಳಿ

ಫೆಬ್ರವರಿ 3, ಸೋಮವಾರ

ಇವತ್ತು ರೂಪಶ್ರೀಯ ಬಲಹುಬ್ಬಿನ ಬಾಲ ಹೋಯಿತು. ನಾನೇ ತೆಗೆದದ್ದು.

ಹುಬ್ಬು ತಿದ್ದುವಾಗ ದಾರದ ಒಂದು ತುದಿ ನನ್ನ ಹಲ್ಲಿನಲ್ಲಿರುತ್ತದೆ, ಉಳಿದದ್ದು ಬೆರಳುಗಳಲ್ಲಿ. ಗಿರಾಕಿಯ ಮುಖಕ್ಕೂ ನನ್ನ ಮುಖಕ್ಕೂ ಒಂದು ಗೇಣು. ಈಚೆಗೆ ಆ ಗೇಣಿನೊಳಗೆ ನನಗೆ ಏನೂ ಸರಿಯಾಗಿ ಕಾಣುತ್ತಿಲ್ಲ. ಔಷಧಿಯ ಚೀಟಿಯಾದರೆ ಕೈ ಚಾಚಿ ದೂರ ಹಿಡಿದು ಓದಬಹುದು. ಗಿರಾಕಿಯ ಮುಖವನ್ನು ದೂರ ಹಿಡಿಯುವುದು ಹೇಗೆ? ಇಷ್ಟು ದಿನ ಕೈರೂಢಿಯ ಮೇಲೆ, ಅಂದಾಜಿನಲ್ಲಿ ನಡೆಸಿದೆ. ಇವತ್ತು ಅಂದಾಜು ತಪ್ಪಿತು.

ಮದುವೆ ಮಾರ್ಚ್ ಒಂಬತ್ತಕ್ಕೆ, ಚಾಮರಾಜನಗರದಲ್ಲಿ. ಹುಡುಗಿಯ ತಾಯಿ ಶಾಂತಮಲ್ಲಮ್ಮ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು.

“ಇದೇನಮ್ಮ ನಾಗರತ್ನ, ಮದ್ವೆ ಎಣ್ಣಿನ ಉಬ್ಬ ಬೋಳಿಸ್‌ಬುಟ್ಟಲ್ಲ!”

“ಅರ್ಧ ಬೆಳೆಯುತ್ತೆ ಅಕ್ಕ. ಮಿಕ್ಕಿದ್ದು ಮದ್ವೆ ದಿನ ಒಂದೊಂದೇ ಕೂದ್ಲು ಬರ್ದು ಕೂರಿಸ್ತೀನಿ. ಯಾರಿಗೂ ಗೊತ್ತಾಗಲ್ಲ.”

“ಒಬ್ರ ಕಣ್ಗೆ ಬಿದ್ರೂ ಸರಿ, ಗುಂಡ್ಲುಪೇಟೇಲಿ ನಿನ್ ಪಾರ್ಲರ್ ಮೆಟ್ಲು ಯಾರೂ ಅತ್ತದಂಗ ಮಾಡ್ತೀನಿ, ನೋಡ್ಕ.”

ಮಾಡಬಲ್ಲರು. ಅವರ ನೆಂಟರಿಲ್ಲದ ಬೀದಿ ಈ ಊರಿನಲ್ಲಿಲ್ಲ. ನನಗಿರುವುದು ಈ ಒಂದೇ ಕೋಣೆಯ ಅಂಗಡಿ, ಈ ಒಂದೇ ಕಸುಬು. ಕಾಣದ ಕಣ್ಣಿನಿಂದ ಒಂದೊಂದೇ ಕೂದಲು ಬರೆಯುತ್ತೇನೆಂದು ಮಾತು ಕೊಟ್ಟುಬಂದಿದ್ದೇನೆ. ಹೆದರಿಕೆಯಾಗಿದೆ.

ಫೆಬ್ರವರಿ 5, ಬುಧವಾರ

ಬಸ್ ಸ್ಟ್ಯಾಂಡ್ ಹತ್ತಿರ ಸಿಗುವ ರೆಡಿಮೇಡ್ ಚಾಳೀಸು ತಂದು ಹಾಕಿ ನೋಡಿದೆ. ಬಗ್ಗಿದ ಕೂಡಲೇ ಜಾರಿ ಗಿರಾಕಿಯ ಮೂಗಿನ ಮೇಲೆ ಕೂತಿತು. ಆಕೆ ಚೀರಿದಳು. ದಾರ ಕಟ್ಟಿಕೊಂಡರೆ ಫೇಶಿಯಲ್ಲಿನ ಹಬೆಗೆ ಗಾಜು ಮಂಜಾಗುತ್ತದೆ. ಅದೆಲ್ಲ ಇರಲಿ, ಚಾಳೀಸು ಎಂಬ ಮಾತೇ ನಲವತ್ತು ದಾಟಿತೆಂದು ಸಾರುತ್ತದೆ. ಹರೆಯ ಮಾರುವವಳು ಚಾಳೀಸು ಹಾಕಿ ಕೂತರೆ ಬೋಳುತಲೆಯವನು ಕೂದಲಿನ ಎಣ್ಣೆ ಮಾರಿದ ಹಾಗೆ.

ಮನೆಯಲ್ಲಿ ನನ್ನ ಗಂಡನ ತಾಯಿ ಇದ್ದಾರೆ. ಮಲ್ಲಾಜಮ್ಮ. ದೀಪಾವಳಿಯಿಂದ ಯುಗಾದಿಯವರೆಗೆ ನಮ್ಮ ಮನೆ, ಅಲ್ಲಿಂದ ಮುಂದಿನ ದೀಪಾವಳಿಯವರೆಗೆ ಹರವೆಯಲ್ಲಿ ಮೈದುನ ಮಹಾಲಿಂಗನ ಮನೆ. ಮಾವ ಸಾಯುವ ಮುಂಚೆ ಮಾಡಿಹೋದ ಪಾಳಿ ಇದು. ಒಂದು ದಿನ ಮೊದಲು ಕಳಿಸಿದರೆ ನಮಗೆ ಬೇಡವಾದರು ಎಂದ ಹಾಗೆ. ಒಂದು ದಿನ ಹೆಚ್ಚು ಇಟ್ಟುಕೊಂಡರೆ ಆ ಮಗ ಸರಿಯಾಗಿ ನೋಡಿಕೊಳ್ಳುವುದಿಲ್ಲ ಎಂದ ಹಾಗೆ. ಹಾಗಾಗಿ ಯಾರೂ ಏನೂ ಕೇಳುವುದಿಲ್ಲ.

ನಮ್ಮಿಬ್ಬರದು ಎಣ್ಣೆ ಸೀಗೇಕಾಯಿ ಸಂಬಂಧ. ಅವರು ನನ್ನನ್ನು ನೇರವಾಗಿ ಮಾತಾಡಿಸಿ ಎಷ್ಟೋ ವರ್ಷವಾಯಿತು. ಗೋಡೆಗೆ ಹೇಳುತ್ತಾರೆ. ಬೆಳಿಗ್ಗೆ ಹೇಳಿದ್ದು: “ಇಲ್ಲಿ ಯಾರೋ ಸಾರ್‌ಗ ಉಪ್ಪ ಆಕದ್ನೇ ಮರ್ತವ್ರ.” ನನ್ನ ಪಾರ್ಲರಿಗೆ ಅವರಿಟ್ಟ ಹೆಸರು ಕೂದ್ಲು ಕೀಳ ಅಂಗಡಿ. ಕ್ಯಾಲೆಂಡರಿನಲ್ಲಿ ಯುಗಾದಿಯ ಸುತ್ತ ಪೆನ್ನಿನ ಗೆರೆ ಇದೆ. ಎಳೆದದ್ದು ನಾನೇ.

ಫೆಬ್ರವರಿ 7, ಶುಕ್ರವಾರ

ಅಂಗಡಿಗೆ ಬೀಗ ಹಾಕಿ ಚಾಮರಾಜನಗರಕ್ಕೆ ಹೋಗಿ ಬಂದೆ. ಕಣ್ಣಿನ ಕ್ಲಿನಿಕ್ಕಿನಲ್ಲಿ ನಾಜ್ನೀನ್ ಎಂಬ ಹುಡುಗಿ ಪರೀಕ್ಷೆ ಮಾಡಿದಳು. ಗುಂಡ್ಲುಪೇಟೆಯವಳೇ, ಕಾಲೇಜಿಗೆ ಹೋಗುವಾಗ ನನ್ನಲ್ಲೇ ಹುಬ್ಬು ತಿದ್ದಿಸಿಕೊಳ್ಳುತ್ತಿದ್ದಳಂತೆ. ಹುಬ್ಬು ನೋಡಿದ ಮೇಲೆ ನೆನಪಾಯಿತು.

ಎರಡೂ ಅಂಗೈ ಜೋಡಿಸಿ ನಡುವೆ ಸಣ್ಣ ಕಿಂಡಿ ಮಾಡಿಸಿದಳು. ಅದರೊಳಗಿಂದ ಗೋಡೆ ಗಡಿಯಾರ ನೋಡಬೇಕು. ಒಂದೊಂದೇ ಕಣ್ಣು ಮುಚ್ಚಿದಾಗ ಬಲಗಣ್ಣಿಗೆ ಗಡಿಯಾರ ಕಂಡಿತು, ಎಡಗಣ್ಣಿಗೆ ಬರೀ ನನ್ನ ಅಂಗೈ ಕಂಡಿತು.

“ನಿಮ್ಮ ಯಜಮಾನಿ ಕಣ್ಣು ಬಲದ್ದು ಆಂಟಿ. ಅದು ದೂರಕ್ಕೆ ಇರ್ಲಿ, ಹಂಗೇ ಬಿಡೋಣ. ಎಡಗಣ್ಣಿಗೆ ಒಂದೇ ಲೆನ್ಸ್, ಹತ್ತಿರ ನೋಡೋಕೆ. ಯಾವಾಗ ಯಾವ ಕಣ್ಣಲ್ಲಿ ನೋಡ್ಬೇಕು ಅಂತ ಮಿದುಳೇ ಕಲ್ತ್ಕೊಳ್ಳುತ್ತೆ. ಮೊದಮೊದಲು ಅಳತೆ ತಪ್ಪುತ್ತೆ, ಮೆಟ್ಲು ಇಳಿವಾಗ ಹುಷಾರು.”

ಆಂಟಿ ಎಂದದ್ದು ಹಿಡಿಸಲಿಲ್ಲ. ಅವಳೇ ಲೆನ್ಸನ್ನು ಕಣ್ಣುಗುಡ್ಡೆಯ ಮೇಲೆ ಇಟ್ಟಳು. ಶ್ಯಾಂಪೂ ಪೊಟ್ಟಣದ ಹಿಂದಿನ ಅಕ್ಷರವನ್ನೆಲ್ಲ ಓದಿದೆ. ನನ್ನ ಅಂಗೈಯಲ್ಲಿ ಇಷ್ಟೊಂದು ಗೆರೆಗಳಿವೆಯೆಂದು ಮರೆತೇ ಹೋಗಿತ್ತು. ಹಾಕುವುದು, ತೆಗೆಯುವುದು, ಡಬ್ಬಿಯ ದ್ರವದಲ್ಲಿ ನೆನೆಸಿಡುವುದು, ನಲ್ಲಿ ನೀರು ಸೋಕಿಸದಿರುವುದು, ಎಲ್ಲ ಹೇಳಿಕೊಟ್ಟಳು. ಎಲ್ಲಕ್ಕೂ ತಲೆಯಾಡಿಸಿದೆ.

ಸಂಜೆ ಮನೆಯಲ್ಲಿ ತೆಗೆಯಲು ಹೋದೆ. ಲೆನ್ಸ್ ಜಾರಿ ಮೇಲಿನ ರೆಪ್ಪೆಯೊಳಗೆ ಹೋಗಿ ಕೂತಿತು. ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ನನ್ನ ಗಂಡ ಮೊಬೈಲ್ ಟಾರ್ಚ್ ಹಿಡಿದು ನಿಂತರು. ಬದನಗುಪ್ಪೆಯ ಕಾರ್ಖಾನೆಯಲ್ಲಿ ಇಡೀ ದಿನ ಯಂತ್ರಗಳ ಮಧ್ಯೆ ಇರುವ ಮನುಷ್ಯ, ನನ್ನ ರೆಪ್ಪೆ ಎತ್ತಿ ನೋಡಿ ತಲೆ ತಿರುಗಿ ಕುಳಿತುಬಿಟ್ಟರು. ಕಣ್ಣೇ ಹೋಯಿತೆಂದುಕೊಂಡೆ.

“ಆಚ್ಗ ಸರ್ಕಳ್ಳಾ ಮಲ್ಲೇಶ,” ಎಂದು ಅವರ ತಾಯಿ ಮಗನನ್ನು ಪಕ್ಕಕ್ಕೆ ತಳ್ಳಿದರು. ಬಾಯಿ ಮುಕ್ಕಳಿಸಿ ಬಂದು, ಹೆಬ್ಬೆರಳಲ್ಲಿ ರೆಪ್ಪೆ ಎತ್ತಿ ಮಡಿಸಿ, ನಾಲಿಗೆಯ ತುದಿಯನ್ನು ನನ್ನ ಕಣ್ಣಿನ ಮೇಲೆ ಒಂದು ಸಲ ಆಡಿಸಿದರು. ಬೆಚ್ಚಗಿತ್ತು. ನೋವಾಗಲಿಲ್ಲ. ಆಮೇಲೆ ಅಂಗೈಗೆ ಉಗುಳಿಕೊಂಡು ಬೆಳಕಿಗೆ ಹಿಡಿದು ನೋಡಿದರು.

“ಇಷ್ಟೇಯಾ? ಈರುಳ್ಳಿ ಪೊರೆ ಇದ್ದಂಗದ.”

ಹರವೆಯಲ್ಲಿ ಒಕ್ಕಣೆಯ ಕಾಲಕ್ಕೆ ಯಾರ ಕಣ್ಣಿಗೆ ಹೊಟ್ಟು ಬಿದ್ದರೂ ಇವರ ಹತ್ತಿರವೇ ಬರುತ್ತಿದ್ದರಂತೆ. ಇದನ್ನೂ ಅವರು ಗೋಡೆಗೇ ಹೇಳಿದರು.

ಫೆಬ್ರವರಿ 8, ಶನಿವಾರ

ನಾಜ್ನೀನಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. “ನಾಲಿಗೇಲಾ ಆಂಟಿ!” ಎಂದು ಕಿರುಚಿದಳು. ಬಾಯಲ್ಲಿ ಕ್ರಿಮಿ ಇರುತ್ತವೆ, ಆ ಲೆನ್ಸ್ ಬಿಸಾಡಿ, ಕಣ್ಣು ಕೆಂಪಾದರೆ ತಕ್ಷಣ ಬನ್ನಿ, ಇನ್ನು ಮೇಲೆ ಯಾರ ನಾಲಿಗೆಯೂ ಬೇಡ. ಸ್ಪೀಕರ್ ಹಾಕಿದ್ದೆ.

“ನನ್ ಬಾಯ್ಗೇನಾಗದ?” ಎಂದು ಗೋಡೆಯನ್ನು ಕೇಳಿದರು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಕಣ್ಣು ಕೆಂಪಾಗಲಿಲ್ಲ.

ಫೆಬ್ರವರಿ 11, ಮಂಗಳವಾರ

ಹೊಸ ಲೆನ್ಸ್ ಬಂದಿದೆ. ಹಾಕಿಕೊಳ್ಳಲು ಆಗುತ್ತಿಲ್ಲ. ಬೆರಳು ಹತ್ತಿರ ಬಂದ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತದೆ. ಊರಿನ ಹೆಂಗಸರಿಗೆಲ್ಲ “ಕಣ್ಣು ಬಿಗಿ ಹಿಡೀಬೇಡಿ” ಎಂದು ಬುದ್ಧಿ ಹೇಳಿದವಳು ನಾನು. ನನ್ನ ಗಂಡ ಬೆಳಗಿನ ಪಾಳಿಗೆಂದು ಆರಕ್ಕೇ ಬಸ್ಸು ಹತ್ತುತ್ತಾರೆ. ಇದ್ದರೂ ಉಪಯೋಗವಿಲ್ಲ.

“ಇಲ್ಲಿ ಯಾರೋ ಕಣ್ ಜೊತೆ ಜಗಳಕ ನಿಂತವ್ರ,” ಎಂದು ಬಾಗಿಲಿನಿಂದ ಮಾತು ಬಂತು. ಲಿಂಗಪೂಜೆ ಮುಗಿಸಿ ಎದ್ದವರು ಹಾಗೇ ಬಂದು, ದಾರ ಕಟ್ಟಿದ ಕನ್ನಡಕ ಮೂಗಿಗೇರಿಸಿ, ಲೆನ್ಸನ್ನು ಬೆರಳ ತುದಿಯಲ್ಲಿಟ್ಟು ನನ್ನ ಕಣ್ಣಿಗೆ ಒತ್ತಿದರು. ಬೆರಳಲ್ಲಿ ವಿಭೂತಿ ಇತ್ತು. ಬೆಂಕಿ ಬಿದ್ದ ಹಾಗೆ ಉರಿಯಿತು. ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಅವರು ಹೋಗಿ ಪೂಜೆಯ ಸಾಮಾನು ಜೋಡಿಸಿಟ್ಟರು.

ಅಷ್ಟೆಲ್ಲ ಅನ್ನಬಾರದಿತ್ತು.

ಫೆಬ್ರವರಿ 12, ಬುಧವಾರ

ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಮುಟ್ಟುವ ಮೊದಲೇ, ಸೋಪಿನಲ್ಲಿ ಕೈ ತಿಕ್ಕಿ ಒರೆಸಿಕೊಂಡು ನನ್ನೆದುರು ಬಂದು ನಿಂತರು.

“ಮೊದ್ಲು ನಿನ್ ಕಣ್ಣು. ಆಮ್ಯಾಕ ಶಿವ.”

ಗೋಡೆಗಲ್ಲ, ನನಗೇ ಹೇಳಿದ್ದು. ಒಂದೇ ಸಲಕ್ಕೆ ಕೂತಿತು. ಲೆನ್ಸಿನ ಅಂಚಿಗೆ ತಿಳಿ ನೀಲಿ ಬಣ್ಣವಿದೆ. ನನ್ನ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, “ನೀಲಿ ಗೆರೆ ಕಾಣ್ತದ. ಕೂತದ,” ಎಂದರು. ಆಮೇಲೆ ಪೂಜೆಗೆ ಹೋದರು.

ಫೆಬ್ರವರಿ 15, ಶನಿವಾರ

ಅಳತೆ ಇನ್ನೂ ತಪ್ಪುತ್ತದೆ. ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿದೆ. ಈಗ ಅತ್ತೆಯೇ ಲೋಟ ತಂದು ಕೈಗೆ ಕೊಡುತ್ತಾರೆ, ಬೆರಳುಗಳನ್ನು ಅದರ ಸುತ್ತ ಮಡಚಿ. ಹತ್ತಿರದ ಕೆಲಸ ಮಾತ್ರ ಚೆನ್ನಾಗಿ ಆಗುತ್ತಿದೆ. ಇವತ್ತು ಮೂವರ ಹುಬ್ಬು ಮಾಡಿದೆ, ಒಂದು ಕೂದಲೂ ಹೆಚ್ಚು ಕಡಿಮೆಯಾಗಲಿಲ್ಲ.

ಲೆನ್ಸ್ ಹಾಕಿದ ಕೂಡಲೇ ನನಗೆ ಮೊದಲು ಕಾಣುವುದು ಅತ್ತೆಯ ಮುಖ. ಎಡಹುಬ್ಬಿನ ನಡುವೆ ಒಂದು ಹಳೆಯ ಗಾಯದ ಗೆರೆ ಇದೆ, ಅಲ್ಲಿ ಕೂದಲಿಲ್ಲ. ಮದುವೆಯಾದಾಗಿನಿಂದ ಈ ಮುಖ ನೋಡುತ್ತಿದ್ದೇನೆ, ಹುಬ್ಬೇ ನನ್ನ ಕಸುಬು, ಆದರೂ ಕಂಡಿರಲಿಲ್ಲ. ಕೇಳಿದೆ.

“ಎಂಟು ದಿನಕ ಮದ್ವೆ ಅಂದ್ರ ಹಟ್ಟಿಲಿ ಜಾರ್ ಬಿದ್ದು ಒಳಕಲ್ ತಾಕ್ತು. ನಮ್ಮವ್ವ ದೀಪದ ಕಪ್ಪ ಅಚ್ಚಿ ಮುಚ್ಚಿದ್ಳು. ಮದ್ಯಾನ್ಕ ಬೆವ್ರಿಗ ಎಲ್ಲ ಇಳ್ದು ಕೆನ್ನಗ ಬಂತು. ನಮ್ಮತ್ತ ನೋಡ್‌ಬುಟ್ಟು, ಕುಂಟ್ ಉಬ್ಬಿನ್ ಸೊಸ ತಂದ್ರಲ್ಲಾ ಅಂತ ಸಾಯಗಂಟ ಆಡ್ಕತಿದ್ಳು.”

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಇವರ ಸೊಸೆಗಾಲ ಹೇಗಿತ್ತೆಂದು ನಾನು ಯಾವತ್ತೂ ಕೇಳಿರಲಿಲ್ಲ.

ಫೆಬ್ರವರಿ 20, ಗುರುವಾರ

ಹುಬ್ಬು ಬರೆಯುವುದನ್ನು ಕಾಗದದ ಮೇಲೆ ಅಭ್ಯಾಸ ಮಾಡುತ್ತಿದ್ದೆ. ಕಾಗದಕ್ಕೆ ಬೆವರಿಲ್ಲ, ಮಿಸುಕಾಟವಿಲ್ಲ, ಪ್ರಯೋಜನವಿಲ್ಲ. ಮಧ್ಯಾಹ್ನ ಅತ್ತೆ ಬುತ್ತಿ ಹಿಡಿದು ಅಂಗಡಿಗೆ ಬಂದರು. ಬಾಗಿಲಲ್ಲೇ ಕೊಟ್ಟು ಹೋಗುವವರು ಇವತ್ತು ಒಳಗೆ ಬಂದು, ಗಿರಾಕಿಗಳ ಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡರು.

“ನನ್ ಉಬ್ಬ್ ಮ್ಯಾಲ ಬರಿ. ಕೆಟ್ರೂ ಯಾರ್ ನೋಡ್ಬೇಕು?”

ಬರೆದೆ. ಅವರ ಚರ್ಮ ಸಡಿಲ, ಪೆನ್ಸಿಲ್ ಒತ್ತಿದರೆ ಹಿಂದೆ ಸರಿಯುತ್ತದೆ. ಎಡಗೈಯಲ್ಲಿ ಹಣೆ ಹಿಡಿದು, ಬುಡದಿಂದ ಮೇಲಕ್ಕೆ ಒಂದೊಂದೇ ಗೆರೆ. ನರೆತ ಕೂದಲಾದ್ದರಿಂದ ಬೂದು ಬಣ್ಣ ಬೆರೆಸಿದೆ. ಕನ್ನಡಿ ಕೊಟ್ಟೆ. ಮಾವ ತೀರಿಕೊಂಡ ಮೇಲೆ ಅವರು ಕನ್ನಡಿ ನೋಡಿದ್ದನ್ನು ನಾನು ಕಂಡಿಲ್ಲ. ಬಹಳ ಹೊತ್ತು ನೋಡಿದರು.

“ಈಗ್ ಬಂದು ನೋಡ್ಬೇಕಾಗಿತ್ತು ನಮ್ಮತ್ತ,” ಎಂದರು.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ದೇವಸ್ಥಾನಕ್ಕೆ ಹೋಗುವ ಮುಂಚೆ ಅತ್ತೆ ಹುಬ್ಬು ಬರೆಸಿಕೊಂಡರು. ಅಭ್ಯಾಸಕ್ಕೆ ಅಂತೆ. ಸರಿ ಎಂದೆ.

ಮಾರ್ಚ್ 9, ಭಾನುವಾರ

ಬೆಳಗಿನ ಜಾವ ಹುಡುಗಿಯ ಕಡೆಯ ಕಾರು ಬಂತು. ಅತ್ತೆ ಲೆನ್ಸ್ ಹಾಕಿ, ನೀಲಿ ಗೆರೆ ನೋಡಿ, ನನಗಿಂತ ಮುಂಚೆ ಹೋಗಿ ಕಾರಿನಲ್ಲಿ ಕೂತಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ. ಶಾಂತಮಲ್ಲಮ್ಮ ಛತ್ರದ ಬಾಗಿಲಲ್ಲಿ ಹುಬ್ಬು ಗಂಟಿಕ್ಕಿದರು.

“ಇವ್ರು ಯಾತಕ ಬಂದ್ರು?”

“ಇವ್ಳ ಕಣ್ಣ ನೋಡ್ಕಳಕ,” ಎಂದು ಅತ್ತೆಯೇ ಉತ್ತರ ಕೊಟ್ಟು ಒಳಗೆ ನಡೆದರು.

ರೂಪಶ್ರೀಯ ಹುಬ್ಬು ಅರ್ಧ ಬೆಳೆದಿತ್ತು. ಮಿಕ್ಕ ಅರ್ಧ ನನ್ನದು. ಮೊದಲ ಗೆರೆ ದಪ್ಪವಾಯಿತು, ಒರೆಸಿದೆ. ಮೂಲೆಯಲ್ಲಿ ಅತ್ತೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಒಂದು ಸಲ ಆ ಕಡೆ ನೋಡಿದೆ. ಅವರು ತಮ್ಮ ಎಡಹುಬ್ಬನ್ನು ಬೆರಳಲ್ಲಿ ಸವರಿಕೊಂಡರು. ಮತ್ತೆ ಪೆನ್ಸಿಲ್ ಹಿಡಿದೆ. ಬುಡದಿಂದ ಮೇಲಕ್ಕೆ ಒಂದೊಂದೇ ಗೆರೆ ಎಳೆದೆ, ಕೊನೆಯವು ಕಿವಿಯ ಕಡೆಗೆ ಮಲಗಿದವು. ಬೆವರಿಗೆ ಇಳಿಯದಂತೆ ಮೇಲೆ ಪುಡಿ ಒತ್ತಿದೆ.

ಶಾಂತಮಲ್ಲಮ್ಮ ಮೊಬೈಲ್ ಟಾರ್ಚ್ ಹಾಕಿಕೊಂಡು ಬಂದು ಮಗಳ ಮುಖದ ಮೇಲೆ ಅತ್ತಿಂದಿತ್ತ ಬೆಳಕು ಬಿಟ್ಟರು. ಎರಡೂ ಹುಬ್ಬನ್ನು ಬಗ್ಗಿ ನೋಡಿ ಕೇಳಿದರು.

“ನೀನ್ ಕಿತ್ತಿದ್ದು ಎಡದ್ದಾ, ಬಲದ್ದಾ?”

“ನೀವೇ ಹೇಳಿ ಅಕ್ಕ,” ಎಂದೆ.

ಟಾರ್ಚ್ ಆರಿಸಿದರು. ಧಾರೆಯಾಯಿತು, ಊಟವಾಯಿತು, ಫೋಟೋಗಳಾದವು, ಹುಬ್ಬು ಜಾಗದಲ್ಲೇ ಇತ್ತು. ಬಾಗಿಲವರೆಗೆ ಬಂದು ಶಾಂತಮಲ್ಲಮ್ಮ ಇಬ್ಬರಿಗೂ ತಾಂಬೂಲ ಕೊಟ್ಟರು. ಏಪ್ರಿಲ್‌ನಲ್ಲಿ ತಂಗಿ ಮಗಳ ಮದುವೆಯಿದೆಯಂತೆ, ಅದಕ್ಕೂ ನಾನೇ ಬರಬೇಕಂತೆ. ಖುಷಿಯಾಯಿತು. ಬಸ್ಸಿನಲ್ಲಿ ಬರುವಾಗ ಅತ್ತೆ ನನ್ನ ಭುಜಕ್ಕೆ ತಲೆ ಹಾಕಿ ನಿದ್ದೆ ಮಾಡಿದರು. ಊರು ಬರುವಷ್ಟರಲ್ಲಿ ಕೈ ಜೋಮು ಹಿಡಿದಿತ್ತು.

ಮಾರ್ಚ್ 17, ಸೋಮವಾರ

ಅತ್ತೆ ಹಾಲಿಗೆ ಹೋಗಿದ್ದಾಗ ಲೆನ್ಸ್ ನಾನೇ ಹಾಕಿಕೊಂಡೆ. ಕಣ್ಣು ಮುಚ್ಚಲಿಲ್ಲ, ಮೊದಲ ಸಲಕ್ಕೇ ಕೂತಿತು. ಇನ್ನು ಯಾರ ಹಂಗೂ ಇಲ್ಲ.

ಮತ್ತೆ ತೆಗೆದು ಡಬ್ಬಿಗೆ ಹಾಕಿದೆ. ಅವರು ಬಂದ ಮೇಲೆ ಹಾಕಿಸಿಕೊಂಡೆ. ಹಾಲು ತಂದವರು ಕೈ ತೊಳೆದುಕೊಂಡು ಬಂದಾಗಿತ್ತು, ಬೇಡ ಎನ್ನುವುದು ಸರಿಯಲ್ಲ.

ಮಾರ್ಚ್ 25, ಮಂಗಳವಾರ

ಮಹಾಲಿಂಗ ಫೋನ್ ಮಾಡಿದ್ದ. ಹಬ್ಬದ ಮಾರನೇ ದಿನ ಬಂದು ಅವ್ವನನ್ನು ಕರೆದುಕೊಂಡು ಹೋಗುತ್ತಾನಂತೆ.

“ಮದ್ವೆ ಸೀಸನ್ ಇನ್ನೂ ಇದೆ. ಅತ್ತೆ ಇದ್ದಿದ್ದರೆ ಅನುಕೂಲ ಆಗ್ತಿತ್ತು,” ಎಂದೆ ನನ್ನ ಗಂಡನಿಗೆ.

“ಪಾಳಿ ಅಂದ್ರ ಪಾಳಿ. ಈಗ ಇಟ್ಕಂಡ್ರ ಅವ್ನು ಏನ್ ತಿಳ್ಕತಾನ? ಬುಡು.”

ಅತ್ತೆ ಕೇಳಿಸಿಕೊಂಡರು. ಅವರಾಗಿ ಇರುತ್ತೇನೆ ಎನ್ನುವಂತಿಲ್ಲ, ನಾನು ಇರಿ ಎನ್ನುವಂತಿಲ್ಲ. ಕ್ಯಾಲೆಂಡರಿನ ಪೆನ್ನಿನ ಗೆರೆಯನ್ನು ಉಗುರಿನಲ್ಲಿ ಕೆರೆದು ನೋಡಿದೆ. ಕಾಗದ ಹರಿಯಿತು.

ಮಾರ್ಚ್ 30, ಭಾನುವಾರ

ಯುಗಾದಿ. ಬೇವು ಬೆಲ್ಲ. ಅತ್ತೆ ಸೀರೆಗಳನ್ನು ಮಡಿಸಿ ಬ್ಯಾಗಿಗೆ ಇಟ್ಟರು. ನಾನು ಒಬ್ಬಟ್ಟು ಕಟ್ಟಿಕೊಟ್ಟೆ.

ಮಾರ್ಚ್ 31, ಸೋಮವಾರ

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಬೇಗ ಎದ್ದು ಲೆನ್ಸ್ ನಾನೇ ಹಾಕಿಕೊಂಡೆ. ನಾಳೆಯಿಂದ ಹೇಗೂ ಅದೇ, ಇವತ್ತೇ ಅಭ್ಯಾಸವಾಗಲಿ ಎಂದು. ಅತ್ತೆ ಸ್ನಾನಕ್ಕೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಮಹಾಲಿಂಗನ ಗೂಡ್ಸ್ ಆಟೋ ಬಂದು ನಿಂತಿತು. ಅವಸರದಲ್ಲಿದ್ದ, ಸಂತೆಗೆ ಹೋಗಬೇಕಂತೆ. ಕಾಫಿ ಕುಡಿದು ಬ್ಯಾಗನ್ನು ಆಟೋಗೆ ಹಾಕಿದ. ಅತ್ತೆ ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದರು. ಇನ್ನೂ ಪೂಜೆಯಾಗಿರಲಿಲ್ಲ, ಹರವೆಯಲ್ಲಿ ಮಾಡಿಕೊಳ್ಳುತ್ತೇನೆ ಎಂದರು.

ನಾನು ಒಳಗೆ ಹೋಗಿ ಲೆನ್ಸಿನ ಡಬ್ಬಿ ತಂದೆ.

“ಅವ್ವ, ಕಣ್ಣು,” ಎಂದೆ. “ನನಗೆ ಆಗ್ತಿಲ್ಲ.”

ಮಹಾಲಿಂಗ ಆಟೋ ಆಫ್ ಮಾಡಿದ. ಅವ್ವ ಕೈ ತೊಳೆದು ಒರೆಸಿಕೊಂಡು ಬಂದು ಕನ್ನಡಕ ಏರಿಸಿದರು. ಡಬ್ಬಿಯ ಮುಚ್ಚಳ ತಿರುಗಿಸಿದರು. ಒಳಗೆ ಬರೀ ದ್ರವವಿತ್ತು. ಅದನ್ನು ನೋಡಿದರು. ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ಎಡಗಣ್ಣಿನಲ್ಲಿ ಲೆನ್ಸ್ ಇತ್ತಲ್ಲ, ಅವರ ಮುಖ ಒಂದು ಗೇಣು ದೂರದಲ್ಲಿ ಚೆನ್ನಾಗಿ ಕಂಡಿತು, ಹುಬ್ಬಿನ ಗಾಯ, ಕಣ್ಣಿನ ಕೆಳಗಿನ ಒಂದೊಂದು ಸುಕ್ಕು. ಅವರಿಗೂ ನೀಲಿ ಗೆರೆ ಕಂಡಿತು. ನನಗೆ ಗೊತ್ತಾಯಿತು.

ಬೆರಳನ್ನು ಡಬ್ಬಿಯಲ್ಲಿ ಅದ್ದಿದರು. ಹೆಬ್ಬೆರಳಲ್ಲಿ ರೆಪ್ಪೆ ಎತ್ತಿದರು. ಖಾಲಿ ಬೆರಳನ್ನು ನನ್ನ ಕಣ್ಣಿನ ಹತ್ತಿರ ತಂದು, ಮುಟ್ಟದೆ ಸ್ವಲ್ಪ ಹೊತ್ತು ಹಿಡಿದು, ತೆಗೆದರು.

“ಕೂತದ,” ಎಂದರು. ಆಮೇಲೆ ಮಗನ ಕಡೆ ತಿರುಗಿದರು. “ನೋಡ್ದಾ ಮಾಲಿಂಗ? ಇವ್ಳ ಕೈಲಿ ಆಗದಿಲ್ಲ ಕಣ್ಲಾ. ನಿನ್ನ ಮನಗ ಬರಾಕ ನಂಗೇನ್ ಬ್ಯಾಸ್ರವಾ? ಮದ್ವ ಕಾಲ ಮುಗೀಲಿ, ಆಮ್ಯಾಕ ನೋಡನ.”

ಮಹಾಲಿಂಗ ಕಣ್ಣಿನ ವಿಷಯವೆಂದರೆ ಅಣ್ಣನ ಹಾಗೆಯೇ. ಮೊದಲೇ ಮುಖ ಆ ಕಡೆ ತಿರುಗಿಸಿದ್ದ. “ಅದೇನ್ ಕಣ್ಣೋ ಏನೋ ಅತ್ಗ, ನೋಡಕಾಗದಿಲ್ಲ. ಇಟ್ಕಳಿ ಅತ್ಲಾಗ,” ಎಂದು ಬ್ಯಾಗ್ ಇಳಿಸಿಕೊಟ್ಟು ಸಂತೆಗೆ ಹೋದ.

ಆಟೋ ತಿರುವಿನಲ್ಲಿ ಮರೆಯಾಗುವವರೆಗೆ ಇಬ್ಬರೂ ಅಂಗಳದಲ್ಲಿ ನಿಂತಿದ್ದೆವು. ಆಮೇಲೆ ಅವ್ವ ಗೋಡೆಯ ಕಡೆ ತಿರುಗಿದರು.

“ಇಲ್ಲಿ ಯಾರೋ ಖಾಲಿ ಡಬ್ಬ ತಂದಿದ್ರು.”

ನಾನೂ ಗೋಡೆಯ ಕಡೆ ತಿರುಗಿದೆ. “ಇಲ್ಲಿ ಯಾರೋ ಖಾಲಿ ಬೆರಳಲ್ಲಿ ಲೆನ್ಸ್ ಹಾಕಿದ್ರು.”

ಬ್ಯಾಗನ್ನು ಒಳಗೆ ತಂದಿಟ್ಟೆ. ಅವ್ವ ಚಪ್ಪಲಿ ಬಿಟ್ಟು, ಇನ್ನೊಂದು ಸಲ ಕೈ ತೊಳೆದು, ವಿಭೂತಿ ತೆಗೆದುಕೊಂಡು ಪೂಜೆಗೆ ಕೂತರು.